ಸಿಟ್ಟು, ಹೆದರಿಕೆ, ಏನೂ ಇಲ್ಲ

ಜಡೆ
14 ಜುಲೈ 2024

ಅಪ್ಪಾಜಿಗೆ ಸಂಗೀತ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅತ್ತೆ, ಮಾವ ಚೆನ್ನಾಗಿದ್ದಾರೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಊಟ ಆಯ್ತಾ" ಅನ್ನುತ್ತೀರಿ, ನಾನು "ಆಯ್ತು" ಅನ್ನುತ್ತೇನೆ, ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಅತ್ತೆ ಬಂದು ಅಣ್ಣನ ಹತ್ತಿರ ಮಾತಾಡಬೇಕು ಎಂದು ಫೋನ್ ಇಸಿದುಕೊಳ್ಳುತ್ತಾಳೆ. ಇದು ಅಷ್ಟರಲ್ಲಿ ಮುಗಿಯುವ ವಿಷಯವಲ್ಲ.

ಸೊರಬದಲ್ಲಿ ನಮ್ಮ ಹೈಸ್ಕೂಲಿಗೆ ಬೆಂಗಳೂರಿನಿಂದ ಒಂದು ತಂಡ ಬಂದಿತ್ತು. ಮಕ್ಕಳಿಗೆ ಸಿಟ್ಟು, ಹೆದರಿಕೆ, ದುಃಖ ಇವೆಲ್ಲ ಆಗುವಾಗ ಮಿದುಳಿನಲ್ಲಿ ಏನು ನಡೆಯುತ್ತದೆ, ಬೆಳೆಯುತ್ತ ಬೆಳೆಯುತ್ತ ಅದು ಹೇಗೆ ಬದಲಾಗುತ್ತದೆ ಎಂದು ತಿಳಿಯಲು ಸಂಶೋಧನೆ ಮಾಡುತ್ತಿದ್ದಾರೆ. ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರವಿದೆ. ಭಾನುವಾರಗಳಂದು ಅದನ್ನು ಇವರಿಗೆ ಬಿಟ್ಟುಕೊಡುತ್ತಾರೆ. ಒಪ್ಪಿದ ಮಕ್ಕಳನ್ನು ಕರೆದುಕೊಂಡು ಹೋಗಿ ಅದರೊಳಗೆ ಮಲಗಿಸಿ ಮಿದುಳಿನ ಚಿತ್ರ ತೆಗೆಯುತ್ತಾರೆ. ವರ್ಷಕ್ಕೊಮ್ಮೆ, ಮೂರು ವರ್ಷ.

ನಮ್ಮ ಕ್ಲಾಸಿನಲ್ಲಿ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ತಂದೆ ಅಥವಾ ತಾಯಿಯ ಸಹಿ ಬೇಕು. ಅವ್ವ ಇಲ್ಲ, ಆದ್ದರಿಂದ ನೀವೇ ಹಾಕಬೇಕು. ಕಾಗದ ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಸಹಿ ಮಾಡಿ ಕಳಿಸಿ.

ಅಜ್ಜಿಗೆ ಕೇಳಿದೆನೆಂದು ಹೇಳಿ.

ನಿಮ್ಮ ಮಗಳು,
ಸಂಗೀತ


ಉಡುತಡಿ
23 ಜುಲೈ 2024

ಮಗಳು ಸಂಗೀತಳಿಗೆ ಆಶೀರ್ವಾದ.

ಕಾಗದ ಬಂತು. ಓದಿದೆ. ನಿನಗೆ ಯಾವ ಕಾಯಿಲೆಯೂ ಇಲ್ಲ. ಕಾಯಿಲೆ ಇಲ್ಲದವರ ತಲೆ ನೋಡುವುದು ಯಾಕೆ? ಊರಿನಲ್ಲಿ ಗೊತ್ತಾದರೆ ಶಿವಶಂಕರನ ಮಗಳಿಗೆ ತಲೆ ಸರಿ ಇಲ್ಲವಂತೆ ಎಂದು ಮಾತಾಗುತ್ತದೆ. ಅಜ್ಜಿ ಕೇಳಿ ಹೆದರಿಕೊಂಡಿದ್ದಾಳೆ.

ಬೇಡ. ಚೆನ್ನಾಗಿ ಓದು.

ಇಲ್ಲಿ ಮಳೆ ಹಿಡಿದಿದೆ. ಕುರಿಗಳಿಗೆ ಕಾಲು ಹುಣ್ಣು ಬಂದಿದೆ, ಔಷಧಿ ಹಚ್ಚುತ್ತಿದ್ದೇನೆ.

ಇಂತಿ,
ಶಿವಶಂಕರ


ಜಡೆ
30 ಜುಲೈ 2024

ಅಪ್ಪಾಜಿಗೆ ನಮಸ್ಕಾರ.

ಬೇಡ ಎಂದು ಬರೆದಿರಿ. ಸರಿ. ನನ್ನನ್ನು ಜಡೆಗೆ ಕಳಿಸುವಾಗ ಅಷ್ಟೂ ಹೇಳಿರಲಿಲ್ಲ.

ನಿಮ್ಮ ಪ್ರಶ್ನೆಯನ್ನು ತಂಡದ ಸೌಂದರ್ಯ ಮೇಡಂಗೆ ಕೇಳಿದೆ. ಅವರು ನಮ್ಮ ಶಿಕಾರಿಪುರದವರೇ. ಅವರ ತಂದೆ ಸದಾಶಿವಪ್ಪನವರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇದೆಯಂತೆ. ಮೇಡಂ ಹೇಳಿದರು: "ಕಾಯಿಲೆ ಬಂದವರ ತಲೆ ಎಲ್ಲರೂ ನೋಡಿದ್ದಾರೆ ಸಂಗೀತ. ಚೆನ್ನಾಗಿರೋ ಮಗು ಹೆಂಗೆ ಹೆದರುತ್ತೆ, ಹೆಂಗೆ ಸಮಾಧಾನ ಆಗುತ್ತೆ ಅಂತಾನೇ ನಮಗಿನ್ನೂ ಸರಿಯಾಗಿ ಗೊತ್ತಿಲ್ಲ. ಅದು ಗೊತ್ತಾಗದೆ ಕಾಯಿಲೆ ಹೆಂಗೆ ಗೊತ್ತಾಗಬೇಕು?"

ಈ ಯಂತ್ರದಲ್ಲಿ ಎಕ್ಸ್‌ರೇಯಂಥ ಕಿರಣವೇ ಇಲ್ಲ. ಅದೊಂದು ಭಾರಿ ಆಯಸ್ಕಾಂತ. ಮಿದುಳಿನ ಯಾವ ಜಾಗ ಕೆಲಸ ಮಾಡುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಯಂತ್ರ ಅದನ್ನು ಹೊರಗಿನಿಂದಲೇ ಗುರುತಿಸುತ್ತದೆ. ಸೂಜಿ ಇಲ್ಲ, ಔಷಧಿ ಇಲ್ಲ. ಅಲುಗಾಡದೆ ಮಲಗುವುದೊಂದೇ ಕಷ್ಟ. ಅದಕ್ಕಾಗಿ ಪ್ಲೈವುಡ್ಡಿನ ಒಂದು ಸುಳ್ಳು ಯಂತ್ರ ಮಾಡಿ ಶಾಲೆಗೇ ತಂದಿದ್ದರು. ಒಬ್ಬೊಬ್ಬರೇ ಅದರೊಳಗೆ ಮಲಗಿ ಅಭ್ಯಾಸ ಮಾಡಿದೆವು. ನಾನು ಒಂದು ಸಲವೂ ಅಲುಗಾಡಲಿಲ್ಲ. ಇದು ನಿಮ್ಮಿಂದ ಬಂದದ್ದು ಎಂದು ಅತ್ತೆ ನಕ್ಕಳು.

ನನಗೆ ನೋಡಬೇಕು ಅಪ್ಪಾಜಿ. ಬೇರೆ ಕಾರಣ ಇಲ್ಲ.

ಸಂಗೀತ


ಉಡುತಡಿ
9 ಆಗಸ್ಟ್ 2024

ಮಗಳಿಗೆ ಆಶೀರ್ವಾದ.

ಸಂತೆಗೆ ಹೋದಾಗ ಸದಾಶಿವಪ್ಪನವರ ಅಂಗಡಿ ಹುಡುಕಿಕೊಂಡು ಹೋದೆ. ಬಟ್ಟೆ ತೋರಿಸಲು ಎದ್ದರು. ಬಟ್ಟೆಗಲ್ಲ, ಮಗಳ ವಿಷಯ ಎಂದೆ. ಕೂರಿಸಿ ಚಹಾ ತರಿಸಿದರು.

"ಅವಳು ಮಾಡೋದು ನಂಗೂ ಪೂರ್ತಿ ತಿಳಿಯಂಗಿಲ್ಲ ಶಿವಶಂಕರಪ್ಪ," ಎಂದರು. "ಆದ್ರೆ ಆ ಮಿಷನ್ನಿನಾಗೆ ಮೊದಲು ಮಲಗಿದ್ದು ಅವಳೇ. ಆಮ್ಯಾಕೆ ತನ್ನ ಅಕ್ಕನ ಮಗನ್ನ ಮಲಗಿಸಿದಳು. ಬ್ಯಾರೆಯವರ ಮಕ್ಕಳು ಬಂದಿದ್ದು ಅದಾದ ಮ್ಯಾಲೆ."

ಸಹಿ ಮಾಡಿದ್ದೇನೆ. ಅತ್ತೆ ಜೊತೆಗೆ ಬರಬೇಕು. ಒಬ್ಬಳೇ ಹೋಗಕೂಡದು.

ಇಂತಿ,
ಶಿವಶಂಕರ


ಜಡೆ
3 ಸೆಪ್ಟೆಂಬರ್ 2024

ಅಪ್ಪಾಜಿ,

ಭಾನುವಾರ ಹೋಗಿ ಬಂದೆ. ಎರಡು ದಿನದಿಂದ ಬರೆಯಬೇಕು ಎಂದುಕೊಳ್ಳುತ್ತಿದ್ದೇನೆ, ಎಲ್ಲಿಂದ ಶುರು ಮಾಡುವುದೋ ತಿಳಿಯುತ್ತಿಲ್ಲ.

ನಮ್ಮ ವ್ಯಾನು ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ನಿಂತಾಗ ನೀವು ಅಲ್ಲಿದ್ದಿರಿ. ಬೆಳಗಿನ ಜಾವವೇ ಬಂದು ಕಾಯುತ್ತಿದ್ದಿರಿ ಎಂದು ಅತ್ತೆ ಆಮೇಲೆ ಹೇಳಿದಳು. ಅಜ್ಜಿ ಮಾಡಿದ ಕೋಡುಬಳೆ ಚೀಲವನ್ನು ಕಿಟಕಿಯಲ್ಲಿ ಕೊಟ್ಟು ನನ್ನ ಕಡೆ ನೋಡಿದಿರಿ. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅದು ಇರಲಿ.

ಆಸ್ಪತ್ರೆಯಲ್ಲಿ ಯಂತ್ರ ನಡೆಸುವವರು ಚೌಡೇಶ್ ಅಂತ. ಕಾಲ್ಗೆಜ್ಜೆ, ಓಲೆ, ಹೇರ್‌ಪಿನ್ನು ಎಲ್ಲ ತೆಗೆಸಿದರು. ಆಯಸ್ಕಾಂತ ಹಗಲೂ ರಾತ್ರಿ ಎಚ್ಚರವಾಗಿಯೇ ಇರುತ್ತದಂತೆ. ಬಾಗಿಲಲ್ಲಿ ಒಂದು ಸಣ್ಣ ಕಬ್ಬಿಣದ ತುಂಡು ಹಿಡಿದರೂ ಕೈಯಿಂದ ಕಿತ್ತುಕೊಳ್ಳುತ್ತದಂತೆ. ನಾನು ಆ ಕೋಣೆಗೆ ಕಾಲಿಟ್ಟಾಗ ಏನೂ ಅನ್ನಿಸಲಿಲ್ಲ. ಅಷ್ಟು ದೊಡ್ಡ ಶಕ್ತಿ ಮೈಯೊಳಗೆ ಹಾದುಹೋಗುತ್ತಿದೆ, ಒಂದು ಕೂದಲೂ ಕೊಂಕಲಿಲ್ಲ.

ಮಲಗಿಸಿ, ಕಿವಿಗೆ ಹತ್ತಿಯಂಥದ್ದು ಇಟ್ಟು, ತಲೆಯ ಸುತ್ತ ಪಂಜರದ ಹಾಗೆ ಒಂದನ್ನು ಮುಚ್ಚಿದರು. ಕಣ್ಣಿನ ಮೇಲೆ ಪುಟ್ಟ ಕನ್ನಡಿ. ಒಂದು ಕೈಗೆ ರಬ್ಬರ್ ಚೆಂಡು ಕೊಟ್ಟು, "ಹೆದರಿಕೆ ಆದ್ರೆ ಹಿಚುಕು, ತಕ್ಷಣ ಹೊರಗೆ ತೆಗೀತೀನಿ," ಎಂದರು ಚೌಡೇಶ್. ಹಲಗೆ ಒಳಗೆ ಜಾರಿತು. ಆಮೇಲೆ ಶಬ್ದ. ಬೋರ್‌ವೆಲ್ ಲಾರಿ ತಲೆಯ ಪಕ್ಕದಲ್ಲೇ ಕೊರೆಯುತ್ತಿರುವಂತೆ. ಸ್ವಲ್ಪ ಹೊತ್ತಿನ ಮೇಲೆ ಅದಕ್ಕೊಂದು ತಾಳ ಇದೆ ಅನ್ನಿಸಿತು. ನಾನು ಚೆಂಡು ಹಿಚುಕಲಿಲ್ಲ.

ಕನ್ನಡಿಯಲ್ಲಿ ಒಂದೊಂದೇ ಮುಖ ಬಂತು. ಎಲ್ಲ ಗೊತ್ತಿಲ್ಲದವರು. ಹೆಂಗಸರು, ಗಂಡಸರು, ಮಕ್ಕಳು. ಇನ್ನೊಂದು ಕೈಯ ಹತ್ತಿರ ಮೂರು ಗುಂಡಿ. ಆ ಮುಖದಲ್ಲಿರುವುದು ಸಿಟ್ಟಾದರೆ ಮೊದಲನೆಯದು, ಹೆದರಿಕೆಯಾದರೆ ಎರಡನೆಯದು, ಏನೂ ಇಲ್ಲದಿದ್ದರೆ ಮೂರನೆಯದು. ಮುಖ ಎರಡು ಸೆಕೆಂಡು ಇರುತ್ತದೆ. ಕೆಲವು ಸುಲಭ. ಬಹಳಷ್ಟು ಹಾಗೂ ಅಲ್ಲ ಹೀಗೂ ಅಲ್ಲ.

ಹೊರಗೆ ಬಂದ ಮೇಲೆ ಚೌಡೇಶ್ ಪರದೆಯ ಮುಂದೆ ಕೂರಿಸಿ ತೋರಿಸಿದರು. ಒಂದು ಕಿವಿಯಿಂದ ಇನ್ನೊಂದು ಕಿವಿಯ ತನಕ, ಪುಸ್ತಕದ ಹಾಳೆ ತಿರುವಿದ ಹಾಗೆ, ನನ್ನ ತಲೆ. ಮೂಗಿನ ಅಂಚು, ನಾಲಿಗೆ, ಗಂಟಲು. ಅದರ ಹಿಂದೆ, ಮೇಲೆ, ಮಡಿಕೆ ಮಡಿಕೆಯಾಗಿ ಅದು. ಕಪ್ಪು ಬಿಳುಪು. ಇಷ್ಟು ದಿನ ನಾನೇ ಹೊತ್ತುಕೊಂಡು ತಿರುಗಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ನನಗೆ ಒಂದು ಯೋಚನೆ ಬಂದು ಮೈ ಜುಮ್ಮೆಂದಿತು. ಪರದೆಯ ಮೇಲಿರುವುದು ಅದು. ಪರದೆಯನ್ನು ನೋಡುತ್ತಿರುವುದೂ ಅದೇ. ಮೇಡಂಗೆ ಹೇಳಿದೆ. "ನಂಗೂ ಪ್ರತಿ ಸಲ ಹಾಗೇ ಅನ್ಸುತ್ತೆ," ಎಂದರು.

ಮಿದುಳಿನ ಒಳಗೆ ಬಾದಾಮಿಯಷ್ಟು ದೊಡ್ಡ ಒಂದು ಭಾಗ, ಎರಡು ಕಡೆ ಒಂದೊಂದು ಇದೆ. ಅಪಾಯ ಕಂಡರೆ ನಮಗೆ ತಿಳಿಯುವ ಮುಂಚೆ ಅದಕ್ಕೆ ತಿಳಿಯುತ್ತದಂತೆ. ಹಣೆಯ ಹಿಂದಿನ ಭಾಗ ಅದನ್ನು ಸಮಾಧಾನ ಮಾಡುತ್ತದೆ. ಇವೆರಡರ ನಡುವಿನ ದಾರಿ ನನ್ನ ವಯಸ್ಸಿನವರಲ್ಲಿ ಇನ್ನೂ ಪೂರ್ತಿ ಆಗಿರುವುದಿಲ್ಲ. "ನಿಂದು ಕಟ್ತಾ ಇರೋ ಮನೆ. ವಾಸಾನೂ ಅದರಲ್ಲೇ, ಕೆಲಸಾನೂ ನಡೀತಾ ಇದೆ. ಇಪ್ಪತ್ತು ದಾಟೋವರೆಗೂ ನಡಿಯುತ್ತೆ," ಎಂದರು ಮೇಡಂ.

ನನ್ನ ಮಿದುಳಿನ ಒಂದು ಚಿತ್ರ ಮುದ್ರಿಸಿ ಕೊಟ್ಟಿದ್ದಾರೆ. ನಿಮಗೆ ಕಳಿಸುತ್ತಿದ್ದೇನೆ. ನನ್ನ ಹತ್ತಿರ ಮೂಲದ್ದೇ ಇದೆಯಲ್ಲ.

ಸಂಗೀತ


ಉಡುತಡಿ
16 ಸೆಪ್ಟೆಂಬರ್ 2024

ಸಂಗೀತಳಿಗೆ ಆಶೀರ್ವಾದ.

ಚಿತ್ರ ಬಂತು. ಅಜ್ಜಿ ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದು ನೋಡಿದಳು. "ಮೂಗು ನಮ್ಮ ಶಿವಂದೇ. ಉಳಿದಿದ್ದು ಹೂಕೋಸು ಇದ್ದಂಗೆ ಐತೆ," ಎಂದಳು. ಆಮೇಲೆ ಅದನ್ನು ಕೆಳಗಿಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಅಕ್ಕಿ ಆರಿಸಿದಳು. "ಇದರಾಗೆ ನಾನು ಇದೀನಾ?" ಎಂದು ಕೇಳಿದಳು. ಇದೀಯ ಎಂದೆ. ಸರಿ ತಾನೇ?

ನೀನು ಹುಟ್ಟಿದಾಗ ನೆತ್ತಿ ಮೆತ್ತಗಿತ್ತು. ಅಲ್ಲಿ ಚರ್ಮದ ಕೆಳಗೆ ಮಿಡಿಯುವುದು ಕಾಣುತ್ತಿತ್ತು. ನಿನ್ನ ಅವ್ವ ದಿನಾ ಅಲ್ಲಿಗೆ ಎಣ್ಣೆ ಇಡುತ್ತಿದ್ದಳು. ನಾನು ಒಂದು ಸಲ ಬೆರಳಿಡಲು ಹೋಗಿ ಕೈ ಹಿಂದೆ ತೆಗೆದೆ. ನನ್ನ ಬೆರಳು ಒರಟು. ಆ ಮಿಡಿತದ ಕೆಳಗೆ ಇದು ಇತ್ತು, ಈ ಚಿತ್ರದಲ್ಲಿರುವುದು. ಅವತ್ತು ನನಗೆ ಹೊಳೆಯಲಿಲ್ಲ. ನಿನ್ನೆ ಕುರಿ ಮೇಯಿಸುವಾಗ ಹೊಳೆಯಿತು. ಅಲ್ಲೇ ಕೂತುಬಿಟ್ಟೆ. ಕುರಿಗಳು ಯಾರದೋ ಜೋಳದ ಹೊಲಕ್ಕೆ ಹೋದವು, ಬೈಸಿಕೊಂಡೆ.

ಇಂತಿ,
ನಿನ್ನ ಅಪ್ಪ


ಜಡೆ
24 ನವೆಂಬರ್ 2024

ಅಪ್ಪಾಜಿ,

ಈ ಪತ್ರವನ್ನು ಎರಡು ಸಲ ಬರೆದು ಹರಿದಿದ್ದೇನೆ.

ಸೌಂದರ್ಯ ಮೇಡಂ ಮತ್ತೆ ಶಾಲೆಗೆ ಬಂದಿದ್ದರು. ಈವರೆಗೆ ಏನು ಕಂಡಿದೆ ಎಂದು ನಮಗೆ ಹೇಳುವುದು ನ್ಯಾಯ ಎಂದು ಬಂದರಂತೆ. ನಮ್ಮ ಹಾಗೆ ನೂರಾರು ಮಕ್ಕಳು ಬೇರೆ ಬೇರೆ ಊರುಗಳಲ್ಲಿ ಇದ್ದಾರೆ. ದೊಡ್ಡವರು ಹೆದರಿಕೆಯ ಮುಖವನ್ನು ಹೆದರಿಕೆ ಎಂದೇ ಗುರುತಿಸುತ್ತಾರೆ. ಚಿಕ್ಕವರಿಗೆ, ನಮ್ಮಂಥವರಿಗೂ, ಎಷ್ಟೋ ಸಲ ಅದು ಬೇರೆಯಾಗಿ ಕಾಣುತ್ತದೆ. ಏನೂ ಇಲ್ಲದ ಮುಖ ಕಂಡರೂ ಆ ಬಾದಾಮಿ ಕೆಲವರಲ್ಲಿ ಅಪಾಯ ಕಂಡಂತೆ ಎಚ್ಚೆತ್ತುಕೊಳ್ಳುತ್ತದೆ. ಏನೂ ಹೇಳದ ಮುಖವೇ ಮಕ್ಕಳಿಗೆ ಕಷ್ಟ ಎಂದರು ಮೇಡಂ.

ಎಲ್ಲರೂ ಹೋದ ಮೇಲೆ ನಾನು ಏನು ಒತ್ತಿದ್ದೆ ತೋರಿಸಿ ಎಂದು ಕೇಳಿದೆ. ಮೇಡಂ ಮೊದಲು ಒಪ್ಪಲಿಲ್ಲ. "ಒಬ್ಬಳ ಮಿದುಳು ನೋಡಿ ಇವಳು ಹಿಂಗೆ ಅಂತ ಹೇಳಕ್ಕೆ ಬರಲ್ಲ. ಹಂಗೆ ಹೇಳೋರನ್ನ ನಂಬಬೇಡ. ಗುಂಡಿ ಒತ್ತಿದ್ದು ಬೇಕಾದ್ರೆ ತೋರಿಸ್ತೀನಿ, ಅದು ನಿಂದೇ ಉತ್ತರ. ಆದ್ರೆ ಇದರಲ್ಲಿ ಪಾಸು ಫೇಲು ಇಲ್ಲ," ಎಂದರು.

ಹೆದರಿದ ಗಂಡಸರ ಮುಖಗಳಿಗೆ ಹೆಚ್ಚುಕಡಿಮೆ ಎಲ್ಲಕ್ಕೂ ನಾನು ಸಿಟ್ಟು ಎಂದು ಒತ್ತಿದ್ದೆ. ಏನೂ ಇಲ್ಲದ ಮುಖಗಳಿಗೂ ಸಿಟ್ಟು. ಹೆಂಗಸರ ಮುಖಕ್ಕೆ ಹಾಗೆ ಒತ್ತಿರಲಿಲ್ಲ.

ಒಂದು ಮುಖವನ್ನು ಮೇಡಂ ಮತ್ತೆ ತೋರಿಸಿದರು. ನಿಮ್ಮ ವಯಸ್ಸಿನವರು. ತುಟಿ ಬಿಗಿದುಕೊಂಡು, ಕಣ್ಣು ಸ್ವಲ್ಪವೇ ಅಗಲವಾಗಿ. "ಇವರಿಗೆ ಹೆದರಿಕೆ ಆಗಿದೆ ಸಂಗೀತ. ಸರಿಯಾಗಿ ನೋಡು," ಎಂದರು. ನಾನು ನೋಡುತ್ತಲೇ ಇದ್ದೆ. ಆ ಮುಖ ನನಗೆ ಗೊತ್ತಿತ್ತು.

ಹೋದ ವರ್ಷದ ಬೇಸಿಗೆ ರಜೆ. ಈಸೂರಿನ ಹತ್ತಿರ ಹೊಲದಲ್ಲಿ ಗೊಬ್ಬರಕ್ಕೆಂದು ನಮ್ಮ ಮಂದೆ ನಿಲ್ಲಿಸಿದ್ದೆವು. ಔಷಧಿ ತರಲು ನೀವು ಶಿಕಾರಿಪುರಕ್ಕೆ ಹೋಗುವಾಗ, "ಕುರಿ ಕಡೆ ನಿಗಾ ಇರಲಿ," ಎಂದು ನನಗೆ ಹೇಳಿದ್ದಿರಿ. ಅಜ್ಜಿ ಆಚೆ ಬದಿಯಲ್ಲಿ ಒಲೆ ಹೊತ್ತಿಸುತ್ತಿದ್ದಳು. ನಾನು ಕುರಿ ಕೂಡಿದ್ದ ರೊಪ್ಪದ ಬಲೆಯ ಪಕ್ಕ ಕಂಬಳಿ ಹಾಸಿಕೊಂಡು ಕಾಯುತ್ತಿದ್ದೆ. ನಿದ್ದೆ ಹತ್ತಿಬಿಟ್ಟಿತು. ಕುರಿಗಳು ಒಂದರ ಮೇಲೊಂದು ಬಿದ್ದು ಓಡುವ ಗದ್ದಲಕ್ಕೆ ಎಚ್ಚರವಾಯಿತು. ಮುಸ್ಸಂಜೆಯ ಬೆಳಕಿನಲ್ಲಿ ಚಿರತೆಯ ಬೆನ್ನು ಮಾತ್ರ ಕಂಡಿತು. ಬಾಯಲ್ಲಿ ಮರಿ ಇತ್ತು. ಅಜ್ಜಿ ತಟ್ಟೆ ಬಡಿಯುತ್ತ ಬಂದಳು.

ಸ್ವಲ್ಪ ಹೊತ್ತಿಗೆ ನೀವು ಬಂದಿರಿ. ಬ್ಯಾಟರಿ ಬೆಳಕು ಬಿಟ್ಟು ನೆಲ ನೋಡುತ್ತ ಬಂದು ನನ್ನ ಕಂಬಳಿಯ ಹತ್ತಿರ ನಿಂತಿರಿ. ಕಂಬಳಿ ನೋಡಿದಿರಿ, ನನ್ನ ಮುಖ ನೋಡಿದಿರಿ. ತುಟಿ ಬಿಗಿದಿತ್ತು. ಆಮೇಲೆ ಕಾಲಿನಿಂದ ನೆಲವನ್ನು ಒದ್ದಿರಿ, ಒದೆಯುತ್ತಲೇ ಇದ್ದಿರಿ. ನನಗೆ ಒಂದು ಮಾತೂ ಆಡಲಿಲ್ಲ. ಅಜ್ಜಿಗೆ, "ಇವಳನ್ನ ಜಡೆಗೆ ಕಳಿಸ್ತೀನಿ," ಎಂದಿರಿ.

ನಿದ್ದೆ ಮಾಡಿ ಮರಿ ಕಳೆದೆ ಎಂಬ ಸಿಟ್ಟಿಗೆ ನನ್ನನ್ನು ಮನೆಯಿಂದ ಕಳಿಸಿದಿರಿ ಎಂದುಕೊಂಡೇ ಇಷ್ಟು ದಿನ ಇದ್ದೇನೆ.

ಅಪ್ಪಾಜಿ, ಅದು ಸಿಟ್ಟೇ?

ಸಂಗೀತ


ಉಡುತಡಿ
19 ಜನವರಿ 2025

ಸಂಗೀತ,

ನಿನ್ನ ಪತ್ರ ಬಂದು ಬಹಳ ದಿನವಾಯಿತು. ಉತ್ತರ ಬರಲಿಲ್ಲವೆಂದು ಏನೇನು ಅಂದುಕೊಂಡೆಯೋ. ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಕೊನೆಗೆ ಅಜ್ಜಿ, "ಬಾಯಾಗಂತೂ ಹೇಳಲಿಲ್ಲ, ಬರೆದಾದ್ರೂ ಕಳಿಸು. ಹುಡುಗಿ ಕೇಳ್ಯಾಳೆ," ಎಂದಳು.

ಸಿಟ್ಟಲ್ಲ.

ನಿನ್ನ ಕಂಬಳಿಯ ತಲೆದೆಸೆಯಲ್ಲಿ ಚಿರತೆಯ ಹೆಜ್ಜೆ ಇತ್ತು. ಒಂದು ಗೇಣು ದೂರ ಇರಬಹುದು. ಹೊಲದ ಹುಡಿಮಣ್ಣು, ನಾಲ್ಕೂ ಬೆರಳು ಅಚ್ಚೊತ್ತಿದ ಹಾಗೆ ಕಾಣುತ್ತಿತ್ತು. ಹಾದುಹೋದ ಹೆಜ್ಜೆಯಲ್ಲ, ಅಲ್ಲಿ ನಿಂತಿದ್ದ ಹೆಜ್ಜೆ. ಮುಂಗಾಲು ಎರಡೂ ಜೋಡಿಯಾಗಿ, ಆಳವಾಗಿ. ಮಲಗಿದ್ದ ನಿನ್ನನ್ನು ನೋಡುತ್ತ ನಿಂತಿತ್ತು. ಎಷ್ಟು ಹೊತ್ತೋ. ಆಮೇಲೆ ಏನನ್ನಿಸಿತೋ ಅದಕ್ಕೆ, ತಿರುಗಿ ಬಲೆಯ ಕಡೆ ಹೋಗಿದೆ.

ನೀನು ಅದನ್ನು ನೋಡಬಾರದು ಅನ್ನಿಸಿತು. ನೋಡಿದರೆ ಈ ಜನ್ಮದಲ್ಲಿ ನಿದ್ದೆ ಮಾಡುವುದಿಲ್ಲ. ಅದಕ್ಕೆ ಕಾಲಿನಿಂದ ಅಳಿಸಿದೆ. ಅಳಿಸಿದಷ್ಟೂ ಅಲ್ಲೇ ಇದ್ದಂತೆ ಕಾಣುತ್ತಿತ್ತು.

ಮಾತಾಡಲು ಬಾಯಿ ತೆರೆದರೆ ಏನು ಬರುತ್ತದೋ ಎಂದು ತುಟಿ ಕಚ್ಚಿಕೊಂಡೆ. ನಿನ್ನ ಅವ್ವ ಹೋದಾಗಲೂ ಹಾಗೇ ನಿಂತಿದ್ದೆ. ಗಂಡಸು ಗಟ್ಟಿಯಾಗಿದ್ದಾನೆ ಎಂದು ಜನ ಹೇಳಿದರು. ನನ್ನ ಮುಖ ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ನನಗೆ ಗೊತ್ತಿಲ್ಲ. ಯಾರೂ ಹೇಳಿಲ್ಲ.

ಮರಿ ಹೋದದ್ದಕ್ಕೆ ದುಃಖವಿಲ್ಲ. ಅವತ್ತು ಅದು ಮರಿಯನ್ನು ಆರಿಸಿಕೊಂಡಿತು ಎಂದು ನಾನು ಈಗಲೂ ಆ ಹೊಲದ ದಾರಿಯಲ್ಲಿ ಹೋಗುವಾಗ ಕೈ ಮುಗಿಯುತ್ತೇನೆ. ಜಡೆಯಲ್ಲಿ ಗೋಡೆ ಇದೆ, ಚಿಲಕ ಇದೆ, ಅತ್ತೆ ಇದ್ದಾಳೆ. ಅದಕ್ಕೆ ಕಳಿಸಿದೆ. ಹೋಗುವಾಗ ನೀನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಒಬ್ಬಳನ್ನೇ ಬಿಟ್ಟು ಹೋದ ಅಪ್ಪನ ಮೇಲೆ ಸಿಟ್ಟಾಗಿದ್ದಾಳೆ, ಅದು ಸರಿಯೇ ಎಂದುಕೊಂಡೆ.

ಅಪ್ಪ


ಜಡೆ
2 ಫೆಬ್ರವರಿ 2025

ಅಪ್ಪಾಜಿ,

ಪತ್ರವನ್ನು ಸೊರಬದ ಬಸ್ಸಿನಲ್ಲಿ ಓದಿದೆ. ಇಳಿಯುವ ಜಾಗ ದಾಟಿಹೋಯಿತು. ಕಂಡಕ್ಟರ್ "ಎಲ್ಲಿಗೆ ಹೋಗ್ಬೇಕು ಪುಟ್ಟಿ?" ಎಂದು ಕೇಳಿದಾಗ ಗೊತ್ತಾಯಿತು.

ಅದು ನನ್ನನ್ನು ನೋಡುತ್ತ ನಿಂತಿತ್ತು ಎಂದು ಬರೆದಿದ್ದೀರಿ. ನಾನು ನಿದ್ದೆಯಲ್ಲಿದ್ದೆ, ನನಗೆ ಗೊತ್ತೇ ಆಗಲಿಲ್ಲ. ಹೆದರಬೇಕಾದದ್ದು ನಾನು. ಹೆದರಿದ್ದೆಲ್ಲ ನೀವು.

ನಿಮ್ಮ ಮೇಲೆ ನನಗೆ ಯಾವತ್ತೂ ಸಿಟ್ಟಿರಲಿಲ್ಲ. ತಿರುಗಿ ನೋಡಲಿಲ್ಲ, ಯಾಕೆಂದರೆ ಅಳು ಬಂದಿತ್ತು.

ಜುಲೈನಲ್ಲಿ ಎರಡನೆಯ ವರ್ಷದ ಚಿತ್ರ ತೆಗೆಯುತ್ತಾರೆ. ಈ ಸಲ ತಂದೆ ತಾಯಿಯರ ಮಿದುಳನ್ನೂ ನೋಡುತ್ತಾರಂತೆ, ಒಪ್ಪಿದರೆ ಮಾತ್ರ. ನೀವು ಬರುತ್ತೀರಾ?

ಸಂಗೀತ


ಜಡೆ
22 ಜುಲೈ 2025

ಅಪ್ಪಾಜಿ,

ನೀವು ಯಂತ್ರದೊಳಗೆ ಇದ್ದಾಗ ನಾನು ಏನು ನೋಡಿದೆ ಎಂದು ಬರುವಾಗ ದಾರಿಯಲ್ಲಿ ನೀವು ಕೇಳಲಿಲ್ಲ. ನನಗೂ ವ್ಯಾನಿನಲ್ಲಿ ಎಲ್ಲರ ಮುಂದೆ ಹೇಳಲು ಆಗಲಿಲ್ಲ.

ಬೆಳ್ಳಿಯ ಉಡಿದಾರ ತೆಗೆಯಲು ನೀವು ಒಪ್ಪದೆ ಬಾಗಿಲಲ್ಲೇ ನಿಂತುಬಿಟ್ಟಾಗ ಇನ್ನು ಆಗುವುದಿಲ್ಲ, ವಾಪಸು ಹೋಗುತ್ತೇವೆ ಎಂದುಕೊಂಡೆ. ಆಮೇಲೆ ಬಿಚ್ಚಿ ನನ್ನ ಕೈಯಲ್ಲಿಟ್ಟಿರಿ. ಅದು ಬೆಚ್ಚಗಿತ್ತು. ಅದನ್ನು ಹಿಡಿದುಕೊಂಡೇ ಗಾಜಿನ ಈಚೆ ಕೂತಿದ್ದೆ. ನಿಮ್ಮ ಅಂಗಾಲು ಮಾತ್ರ ಕಾಣುತ್ತಿತ್ತು. ಬಿರುಕು ಬಿಟ್ಟ ಅಂಗಾಲು, ಆ ಬಿಳಿ ಯಂತ್ರದ ಬಾಯಲ್ಲಿ.

ಮೊದಲ ಚಿತ್ರ ಬಂದಾಗ ಚೌಡೇಶ್ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ನಿಮ್ಮಪ್ಪ ಕಲ್ಲಿನಂಗೆ ಮಲಗಿದ್ದಾರೆ. ಇಷ್ಟು ಚೊಕ್ಕ ಚಿತ್ರ ಸಿಗೋದು ಅಪರೂಪ. ಸ್ವಲ್ಪ ಅಲುಗಾಡಿದ್ರೂ ಮಸುಕಾಗುತ್ತೆ," ಎಂದರು. ಮೇಡಂ ಕೂಡ ಬಂದು ನೋಡಿದರು. ಅಪ್ಪಾಜಿ, ಎಂಥ ಚಿತ್ರ ಅದು. ಒಂದೊಂದು ಮಡಿಕೆಯೂ, ಮಡಿಕೆಯೊಳಗಿನ ಮಡಿಕೆಯೂ. ಈಸೂರಿನ ಗುಡ್ಡದ ಮೇಲೆ ನಿಂತು ಕೆಳಗಿನ ಹೊಲಗಳ ಬದು, ಹಳ್ಳ, ದಾರಿ ಎಲ್ಲ ನೋಡಿದ ಹಾಗೆ. ಅದರಲ್ಲಿ ಎಲ್ಲೋ ಅವ್ವ ಇದ್ದಾಳೆ. ಪ್ರತಿಯೊಂದು ಕುರಿಯ ಮುಖವೂ ಇದೆ. ನನ್ನ ನೆತ್ತಿಯ ಮಿಡಿತ ಇದೆ. ಆ ಹೆಜ್ಜೆಯೂ ಇದೆ.

"ಮೇಡಂ, ಆ ಸಂಜೆ ಇದರಲ್ಲಿ ಯಾವ ಕಡೆ ಇರುತ್ತೆ?" ಎಂದು ಕೇಳಿದೆ. ಅವರಿಗೆ ನಮ್ಮ ವಿಷಯ ಹೇಳಿದ್ದೆ, ನೀವು ಬೇಸರ ಮಾಡಿಕೊಳ್ಳಬೇಡಿ.

ಮೇಡಂ ಪರದೆಯನ್ನೇ ನೋಡುತ್ತಿದ್ದರು. "ಗೊತ್ತಿಲ್ಲ ಸಂಗೀತ. ಇಷ್ಟು ದೊಡ್ಡ ಯಂತ್ರ ಇಟ್ಕೊಂಡು ನಾವು ಬಾಗಿಲ ತನಕ ಬಂದಿದ್ದೀವಿ ಅಷ್ಟೆ. ಒಳಗೆ ಏನಿದೆ ಅಂತ ಮನೆಯವರೇ ಹೇಳಬೇಕು," ಎಂದರು.

ನನಗೆ ಅದರಿಂದ ನಿರಾಸೆ ಆಗಲಿಲ್ಲ. ಯಾಕೋ ಬಹಳ ಸಂತೋಷವಾಯಿತು. ದೊಡ್ಡವಳಾದ ಮೇಲೆ ನಾನೂ ಆ ಬಾಗಿಲಲ್ಲಿ ನಿಲ್ಲುವ ಕೆಲಸ ಮಾಡಬೇಕು ಅನ್ನಿಸಿದೆ. ಅದಕ್ಕೆ ಏನು ಓದಬೇಕು ಎಂದು ಮೇಡಂ ಬರೆದುಕೊಟ್ಟಿದ್ದಾರೆ.

ನೀವು ಹೊರಗೆ ಬಂದಾಗ ಮುಖ ಎಂದಿನಂತೆಯೇ ಇತ್ತು. ನಾನು ಸುಮ್ಮನೆ ಉಡಿದಾರ ಕೊಟ್ಟೆ. ಕೇಳಬೇಕಿತ್ತು. ಈಗ ಕೇಳುತ್ತೇನೆ. ಒಳಗೆ ನಿಮಗೆ ಹೇಗಿತ್ತು?

ಸಂಗೀತ


ಉಡುತಡಿ
5 ಆಗಸ್ಟ್ 2025

ಸಂಗೀತಳಿಗೆ ಆಶೀರ್ವಾದ.

ಕೇಳಿದ್ದೀಯ, ಹೇಳುತ್ತೇನೆ. ಮೊದಲು ಹೆದರಿಕೆಯಾಯಿತು. ಅಲ್ಲಿ ಯಾರಿಗೂ ಕಂಡಿರಲಿಕ್ಕಿಲ್ಲ. ಶಬ್ದ ಶುರುವಾದಾಗ ಚೆಂಡನ್ನು ಹಿಚುಕಿಯೇಬಿಡಬೇಕು ಅನ್ನಿಸಿತು. ನೀನು ಇದರಲ್ಲಿ ಎರಡು ಸಲ ಮಲಗಿ ಎದ್ದಿದ್ದೀಯ ಎಂದು ನೆನೆದುಕೊಂಡು ಬಿಟ್ಟೆ. ಆಮೇಲೆ ನಿನ್ನ ಮಾತು ನಿಜ ಅನ್ನಿಸಿತು, ಅದಕ್ಕೊಂದು ತಾಳ ಇದೆ.

ಅಷ್ಟು ಹೊತ್ತು ಏನೂ ಮಾಡದೆ ನಾನು ಯಾವತ್ತೂ ಮಲಗಿದವನಲ್ಲ. ಕಣ್ಣ ಮುಂದೆ ಏನೇನೋ ಬಂತು. ಅವೆಲ್ಲ ಬರುವಾಗ ಒಳಗೆ ರಕ್ತ ಆ ಕಡೆ ಈ ಕಡೆ ಓಡುತ್ತಿರುತ್ತದೆ, ಗಾಜಿನಾಚೆ ಕೂತು ನನ್ನ ಮಗಳು ನೋಡುತ್ತಿದ್ದಾಳೆ ಎಂದು ಯೋಚನೆ ಬಂದಾಗ ನಾಚಿಕೆಯೂ ಆಯಿತು, ಧೈರ್ಯವೂ ಆಯಿತು. ಒಬ್ಬ ಮನುಷ್ಯನೊಳಗೆ ಇಷ್ಟೆಲ್ಲ ಇಟ್ಟು, ಮೇಲೆ ಚರ್ಮ ಎಳೆದು, ಎರಡು ಕಣ್ಣು ಬಿಟ್ಟು ಕಳಿಸಿದ್ದಾನಲ್ಲ ದೇವರು. ಇದನ್ನು ಅಜ್ಜಿಗೆ ಹೇಳಿದೆ. "ಬಾಯಿನೂ ಬಿಟ್ಟಾನೆ," ಎಂದಳು.

ಮುಖಗಳು ಬಂದವು. ನನಗೆ ತಿಳಿದಂತೆ ಒತ್ತಿದೆ. ಒಂದು ಹುಡುಗಿಯ ಮುಖ ಬಂತು. ನಿನ್ನಷ್ಟೇ ವಯಸ್ಸು. ಸಿಟ್ಟೋ, ಹೆದರಿಕೆಯೋ, ಏನೂ ಇಲ್ಲವೋ ತಿಳಿಯಲಿಲ್ಲ. ನಾನು ಯಾವ ಗುಂಡಿಯನ್ನೂ ಒತ್ತಲಿಲ್ಲ. ಹೊರಗೆ ಬಂದ ಮೇಲೆ ಸೌಂದರ್ಯ ಮೇಡಂ, "ಒಂದಕ್ಕೆ ಉತ್ತರ ಕೊಟ್ಟಿಲ್ಲ, ನಿದ್ದೆ ಬಂತೇನ್ರೀ?" ಎಂದು ಕೇಳಿದರು. ಇಲ್ಲ ಎಂದೆ. ಆ ಹುಡುಗಿಯನ್ನು ಕೇಳದೆ ನಾನು ಹೇಗೆ ಹೇಳುವುದು?

ನೀನು ಓದುವ ವಿಷಯ ಅಜ್ಜಿಗೂ ಹೇಳಿದ್ದೇನೆ. ಓದು.

ಜಡೆಯಲ್ಲಿ ಪರಮಶಿವಪ್ಪ ಎಂಬುವವರು ಭತ್ತದ ಕೊಯ್ಲಾದ ಮೇಲೆ ತಮ್ಮ ಗದ್ದೆಯಲ್ಲಿ ಮಂದೆ ನಿಲ್ಲಿಸಲು ಹೇಳಿಕಳಿಸಿದ್ದಾರೆ. ಸುಗ್ಗಿ ಹೊತ್ತಿಗೆ ಕುರಿ ಹೊಡೆದುಕೊಂಡು ಆ ಕಡೆ ಬರುತ್ತೇನೆ. ಅಜ್ಜಿಯೂ ಬರುತ್ತಾಳೆ. ಈಗ ಎರಡು ನಾಯಿ ಇವೆ, ಬಲೆ ಎತ್ತರದ್ದು ತಂದಿದ್ದೇನೆ. ಒಂದೆರಡು ದಿನ ನಮ್ಮ ಜೊತೆ ರೊಪ್ಪದ ಹತ್ತಿರ ಇರಲು ಬರುವೆಯೇನು? ನಿನಗೆ ಹೆದರಿಕೆಯಾದರೆ ಹೇಳು. ಆಗದಿದ್ದರೂ ಹೇಳು.

ನಿನ್ನ ಅಪ್ಪ,
ಶಿವಶಂಕರ